ಅರ್ಜಿ ಪುಣೆಯಲ್ಲಿ, ಮಗು ಬೆಳಗಾವಿಯಲ್ಲಿ: ಒಂದು ಪಾಲನೆ ಪ್ರಕರಣದ ಪೂರ್ತಿ ವಿವರ

ಗಂಡ ಹೆಂಡತಿ ಬೇರೆಯಾದಾಗ ಮಗು ಯಾರ ಹತ್ತಿರ ಇರಬೇಕು ಅಂತ ಎಲ್ಲರೂ ಕೇಳುತ್ತಾರೆ. ಕೋರ್ಟು ಮೊದಲು ನೋಡುವುದು ಬೇರೆಯದನ್ನು. ಈ ಅರ್ಜಿ ಇದೇ ಕೋರ್ಟಿಗೆ ಬರಬೇಕಾಗಿತ್ತಾ, ಬೇರೆ ಊರಿನ ಕೋರ್ಟಿಗೆ ಹೋಗಬೇಕಾಗಿತ್ತಾ? ಕೇಳಲು ಇದು ಕಾಗದಪತ್ರದ ವಿಷಯ ಅನಿಸುತ್ತದೆ. ಆದರೆ ಇದರ ವಾದದಲ್ಲೇ ಮಗುವಿನ ಒಂದು ಶಾಲಾ ವರ್ಷ ಕಳೆದುಹೋಗಬಹುದು. ಕೆಳಗೆ ಹೇಳುವ ಪ್ರಕರಣದಲ್ಲಿ ಹೆಚ್ಚುಕಮ್ಮಿ ಹಾಗೇ ಆಯಿತು.

ನಾನು ಬೆಳಗಾವಿಯಲ್ಲಿ ವಕೀಲಿ ಮಾಡುತ್ತೇನೆ. ಇದರಲ್ಲಿ ತಾಯಿಯ ಪರವಾಗಿದ್ದೆ. ಗುರುತು ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ, ಮನೆತನದ ಕೆಲವು ವಿವರ ಬದಲಿಸಿದ್ದೇನೆ. ಕಾನೂನಿನ ಸಂಗತಿ ಮಾತ್ರ ಇದ್ದದ್ದು ಇದ್ದಂತೆಯೇ ಇದೆ.

ನಡೆದದ್ದು

ತಾಯಿ ಬೆಳಗಾವಿಯ ಶಹಾಪುರದವರು. ತಂದೆ ಬೈಲಹೊಂಗಲ ಕಡೆಯವರು, ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಮದುವೆ ಆದದ್ದು ಬೆಳಗಾವಿಯಲ್ಲಿ, ಸಂಸಾರ ಹೂಡಿದ್ದು ಪುಣೆಯಲ್ಲಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ವಾ, ಹಾಗಾಗಿ ಮಗಳು ಹುಟ್ಟಿದ್ದು ಬೆಳಗಾವಿಯಲ್ಲಿ. ಐದು ತಿಂಗಳ ಕೂಸನ್ನು ಎತ್ತಿಕೊಂಡು ತಾಯಿ ಪುಣೆಗೆ ಹೋದರು. ನರ್ಸರಿಯಿಂದ ಒಂದನೇ ಕ್ಲಾಸಿನ ತನಕ ಮಗಳು ಅಲ್ಲೇ ಓದಿದಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ.

2023ರ ಬೇಸಿಗೆ ರಜೆಗೆ ತಾಯಿ ಮಗಳನ್ನು ಕರೆದುಕೊಂಡು ತವರಿಗೆ ಬಂದರು. ಬಸ್ಸಿನ ಟಿಕೆಟ್ ತೆಗೆಸಿಕೊಟ್ಟವರು ಗಂಡನೇ. ಅದಕ್ಕೂ ಮುಂಚೆ ಮನೆಯಲ್ಲಿ ಜಗಳ ಜಾಸ್ತಿಯಾಗಿತ್ತು. ಜೂನ್ ಬಂದರೂ ತಾಯಿ ತಿರುಗಿ ಹೋಗಲಿಲ್ಲ. ಫೋನಿನಲ್ಲಿ ಬಹಳ ಮಾತಾಯಿತು. ಕೊನೆಗೆ ಗಂಡ ಒಂದು ಮಾತಿಗೆ ಬಂದರು: ‘ಸದ್ಯ ಅಲ್ಲೇ ಓದಲಿ, ಮುಂದೆ ನೋಡೋಣ.’ ಪುಣೆಯ ಶಾಲೆಗೆ ಲೀವಿಂಗ್ ಸರ್ಟಿಫಿಕೇಟ್ ಕೊಡಿ ಎಂದು ಮೇಲ್ ಕಳಿಸಿದವರೂ ಅವರೇ. ಬೆಳಗಾವಿಯ ಶಾಲೆಗೆ ಎರಡನೇ ಕ್ಲಾಸಿನ ಫೀ ಅವರ ಖಾತೆಯಿಂದಲೇ ಬಂತು.

ಮುಂದಿನ ಒಂದು ವರ್ಷ ಒಂದು ರೀತಿಯ ಶಾಂತಿ ಇತ್ತು. ತಂದೆ ತಿಂಗಳಿಗೊಮ್ಮೆ ಬರುತ್ತಿದ್ದರು. ಮಗಳನ್ನು ಕೋಟೆಗೆ, ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋಗುತ್ತಿದ್ದರು. ತಾಯಿ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವ ಕೆಲಸಕ್ಕೆ ಸೇರಿದರು.

2024ರ ಜುಲೈಯಲ್ಲಿ ಒಂದು ಭಾನುವಾರ ತಂದೆ ಮುಂಚೆ ಹೇಳದೆ ಬಂದರು. ತಾಯಿ ಮನೆಯಲ್ಲಿರಲಿಲ್ಲ. ಹುಡುಗಿಯ ಸೋದರಮಾವ ಬಾಗಿಲಲ್ಲೇ ನಿಲ್ಲಿಸಿದರು. ‘ಹೇಳದ ಕೇಳದ ಬಂದ್ರ ಕಳಸಂಗಿಲ್ರಿ’ ಅಂದರು. ಮುಂದಿನ ಸಲ ಹೇಳಿ ಬಂದರೂ ಏನೋ ನೆಪ ಹೇಳಿದರು. ಆಗಸ್ಟಿನಲ್ಲಿ ತಂದೆ ಪುಣೆಯ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿದರು. ಹೆಂಡತಿ ರಜೆಗೆಂದು ಹೋದವಳು ನನ್ನ ಒಪ್ಪಿಗೆ ಇಲ್ಲದೆ ಮಗಳನ್ನು ಅಲ್ಲೇ ಇಟ್ಟುಕೊಂಡಿದ್ದಾಳೆ, ಮಗಳನ್ನು ನನಗೆ ಒಪ್ಪಿಸಬೇಕು ಎಂಬುದು ಅದರ ಸಾರ.

ಇಡೀ ವ್ಯಾಜ್ಯ ಹುಟ್ಟಿದ್ದು ಆ ಬಾಗಿಲಲ್ಲಿ. ಅದನ್ನು ನಾನು ಮನೆಯವರಿಗೆ ಮೊದಲ ದಿನವೇ ಹೇಳಿದೆ. ಮಗಳ ಮುಖ ನೋಡಲು ಮುನ್ನೂರು ಕಿಲೋಮೀಟರಿಗೂ ಜಾಸ್ತಿ ದೂರ ಬಂದ ಅಪ್ಪನನ್ನು ಹೊರಗೆ ನಿಲ್ಲಿಸಿದರೆ, ಅವನು ಕೋರ್ಟಿನ ಬಾಗಿಲು ಬಡಿಯದೆ ಇನ್ನೇನು ಮಾಡುತ್ತಾನೆ?

ನೋಟಿಸು ಬಂದ ಮೇಲೆ

ಸೋದರಮಾವನ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು ಪುಣೆಯ ನೋಟಿಸು, ಇನ್ನೊಂದು ಮಹಾನಗರ ಪಾಲಿಕೆ ಕೊಟ್ಟ ಜನನ ಪ್ರಮಾಣಪತ್ರ. ‘ಕೂಸು ಹುಟ್ಟಿದ್ದು ಇಲ್ಲೇ, ಲಗ್ನ ಆಗಿದ್ದು ಇಲ್ಲೇ. ಪುಣೆ ಕೋರ್ಟಿಗೆ ನಾವ್ಯಾಕ ಹೋಗಬೇಕ್ರಿ ವಕೀಲ ಸಾಹೇಬ್ರ? ಹೋಗೂದ ಬ್ಯಾಡ’ ಅಂದರು.

ಇದು ಬಹಳ ಮನೆಗಳಲ್ಲಿ ಕೇಳಿಬರುವ ಮಾತು, ಮತ್ತು ಬಹಳ ಅಪಾಯದ ಮಾತು. ನೋಟಿಸು ಬಂದರೂ ಹೋಗದಿದ್ದರೆ ಕೋರ್ಟು ಒಬ್ಬರ ಮಾತು ಕೇಳಿಯೇ ಆದೇಶ ಮಾಡಬಹುದು. ಆ ಕೋರ್ಟಿಗೆ ವ್ಯಾಪ್ತಿ, ಅಂದರೆ ಈ ಪ್ರಕರಣ ಕೇಳುವ ಅಧಿಕಾರ, ಇಲ್ಲ ಎನ್ನುವುದಾದರೆ ಅದನ್ನು ಆ ಕೋರ್ಟಿಗೇ ಹೋಗಿ ಹೇಳಬೇಕು, ಅದೂ ಮೊದಲ ಅವಕಾಶದಲ್ಲೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಕಲಂ ಇದನ್ನೇ ಹೇಳುತ್ತದೆ. ದಾವೆ ಹಾಕಿದ ಜಾಗದ ಬಗ್ಗೆ ತಕರಾರು ಇದ್ದರೆ ಮೊದಲೇ, ವಿವಾದಾಂಶಗಳನ್ನು (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು) ಗೊತ್ತುಪಡಿಸುವುದಕ್ಕೆ ಮುಂಚೆಯೇ ಎತ್ತಬೇಕು. ಆಗ ಸುಮ್ಮನಿದ್ದು ಸೋತ ಮೇಲೆ ಮೇಲ್ಮನವಿಯಲ್ಲಿ ಎತ್ತಿದರೆ ಸಾಮಾನ್ಯವಾಗಿ ಕೇಳುವುದಿಲ್ಲ.

ಜನನ ಪ್ರಮಾಣಪತ್ರದ ಬಗ್ಗೆಯೂ ಅವರಿಗೆ ಬೇಸರ ಆಗುವ ಮಾತೇ ಹೇಳಬೇಕಾಯಿತು. ಈ ಪ್ರಶ್ನೆಯಲ್ಲಿ ಅದಕ್ಕೆ ಬೆಲೆ ಇಲ್ಲವೆಂದರೂ ನಡೆದೀತು. ಹುಟ್ಟಿದ ಊರು ಬೇರೆ, ಬದುಕುತ್ತಿರುವ ಊರು ಬೇರೆ. ನಮ್ಮ ಕಡೆ ಮೊದಲ ಹೆರಿಗೆ ತವರಲ್ಲಿ ಆಗುವುದರಿಂದ ಅರ್ಧ ಮಕ್ಕಳ ಪ್ರಮಾಣಪತ್ರದಲ್ಲಿ ಅಜ್ಜಿಯ ಊರೇ ಇರುತ್ತದೆ.

ಕಾನೂನು ನೋಡುವುದು ಏನನ್ನು

ಇಂಥ ಅರ್ಜಿಗಳಿಗೆ ಆಧಾರ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಅದರ 9(1)ನೇ ಕಲಂ ಪ್ರಕಾರ, ಮಗುವಿನ ಪಾಲನೆಯ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ಮೇಲೆ ವ್ಯಾಪ್ತಿ ಇರುವ ಜಿಲ್ಲಾ ನ್ಯಾಯಾಲಯಕ್ಕೆ ಹಾಕಬೇಕು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂದ ಮೇಲೆ, ಕೌಟುಂಬಿಕ ನ್ಯಾಯಾಲಯ ಇರುವ ಕಡೆ ಈ ಅಧಿಕಾರ ಅದಕ್ಕೆ ಹೋಯಿತು. ಕೋರ್ಟಿನ ಹೆಸರು ಬದಲಾಯಿತು, ಅಳತೆ ಬದಲಾಗಲಿಲ್ಲ. ಮಗುವಿನ ಹೆಸರಲ್ಲಿರುವ ಆಸ್ತಿಯ ವಿಷಯಕ್ಕೆ ಆಸ್ತಿ ಇರುವ ಊರಿನ ಕೋರ್ಟೂ ಆಗುತ್ತದೆ. ಮಗುವಿನ ವಿಷಯಕ್ಕೆ ಮಗು ಇರುವ ಊರೇ.

ಗಮನಿಸಿ, ಇದರಲ್ಲಿ ತಂದೆಯ ಊರು ಇಲ್ಲ, ತಾಯಿಯ ಊರು ಇಲ್ಲ, ಮದುವೆಯಾದ ಊರೂ ಇಲ್ಲ. ಮಗುವಿನ ದಿನನಿತ್ಯದ ಬದುಕು ಎಲ್ಲಿದೆಯೋ ಅಲ್ಲಿನ ಕೋರ್ಟು. ನನಗೆ ಈ ಕಲಂ ಬಗ್ಗೆ ಗೌರವ ಇದೆ. 1890ರಲ್ಲಿ ಬರೆದವರು ಮಗುವನ್ನು ನಡುವೆ ಇಟ್ಟು ಯೋಚಿಸಿದ್ದಾರೆ. ಮಗುವಿನ ಟೀಚರು, ಡಾಕ್ಟರು, ಪಕ್ಕದ ಮನೆಯವರು ಎಲ್ಲ ಇರುವುದು ಅಲ್ಲೇ. ಮಗುವಿನ ಹಿತ ಏನು ಎಂದು ತಿಳಿಯಲು ಅಲ್ಲಿನ ನ್ಯಾಯಾಧೀಶರಿಗೇ ಸುಲಭ.

ಕಷ್ಟ ಇರುವುದು ‘ಸಾಮಾನ್ಯವಾಗಿ’ ಎನ್ನುವುದನ್ನು ಅಳೆಯುವುದರಲ್ಲಿ. ಎಷ್ಟು ದಿನ ಇದ್ದರೆ ಅದು ಸಾಮಾನ್ಯ ವಾಸ? ಕಾಯ್ದೆಯಲ್ಲಿ ಲೆಕ್ಕ ಇಲ್ಲ. ಅರ್ಜಿ ಹಾಕಿದ ದಿನ ಮಗು ಎಲ್ಲಿತ್ತು ಎಂಬುದೊಂದೇ ಸಾಲದು. ಅದೊಂದೇ ಸಾಕಾಗಿದ್ದರೆ, ಯಾರು ಬೇಕಾದರೂ ರಾತ್ರೋರಾತ್ರಿ ಮಗುವನ್ನು ತಮ್ಮೂರಿಗೆ ಕರೆದೊಯ್ದು ಬೆಳಗ್ಗೆ ಅಲ್ಲಿ ಅರ್ಜಿ ಹಾಕಬಹುದಿತ್ತು.

ಇದರ ಬಗ್ಗೆ ಹಳೆಯ ತೀರ್ಪೊಂದಿದೆ, ಓದಲೇಬೇಕಾದದ್ದು. ಜಿಡ್ಡು ಕೃಷ್ಣಮೂರ್ತಿ ಮತ್ತು ಅವರ ತಮ್ಮ ನಿತ್ಯಾನಂದರನ್ನು ಅವರ ತಂದೆ ನಾರಾಯಣಯ್ಯ ಆನಿ ಬೆಸೆಂಟರ ಸುಪರ್ದಿಗೆ ಒಪ್ಪಿಸಿದ್ದರು. ಆಮೇಲೆ ಮನಸ್ಸು ಬದಲಾಗಿ, ಮಕ್ಕಳು ತನಗೆ ಬೇಕೆಂದು ಚೆಂಗಲ್ಪಟ್ಟು ಜಿಲ್ಲಾ ಕೋರ್ಟಿನಲ್ಲಿ ದಾವೆ ಹಾಕಿದರು. ಹುಡುಗರು ಆಗಲೇ ಓದಿಗಾಗಿ ಇಂಗ್ಲೆಂಡಿನಲ್ಲಿದ್ದರು. ವ್ಯಾಜ್ಯ ಆಗಿನ ಅತ್ಯುನ್ನತ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ತಿಂಗಳುಗಳ ಹಿಂದೆಯೇ ಓದಲೆಂದು ದೇಶ ಬಿಟ್ಟ ಹುಡುಗರು ಚೆಂಗಲ್ಪಟ್ಟಿನಲ್ಲಿ ಸಾಮಾನ್ಯವಾಗಿ ವಾಸಿಸುತ್ತಿದ್ದಾರೆ ಎನ್ನಲು ಆಗುವುದಿಲ್ಲ ಎಂದು 1914ರಲ್ಲಿ ತೀರ್ಪು ಬಂತು. ತಂದೆ ಇರುವ ಊರೇ ಮಕ್ಕಳ ಊರು ಎಂಬ ವಾದ ಅಲ್ಲೇ ಬಿದ್ದುಹೋಯಿತು.

ಈಗಿನ ಕಾಲಕ್ಕೆ ಮುಖ್ಯವಾದದ್ದು 2011ರ ರುಚಿ ಮಾಜೂ ವಿರುದ್ಧ ಸಂಜೀವ್ ಮಾಜೂ ಪ್ರಕರಣ. ಅಮೆರಿಕದಿಂದ ಮಗನೊಂದಿಗೆ ದೆಹಲಿಗೆ ಬಂದ ತಾಯಿ ಅಲ್ಲೇ ಉಳಿದರು, ಮಗನನ್ನು ಅಲ್ಲಿನ ಶಾಲೆಗೆ ಸೇರಿಸಿದರು. ದೆಹಲಿಯ ಕೋರ್ಟಿಗೆ ವ್ಯಾಪ್ತಿ ಇಲ್ಲ ಎಂದು ಹೈಕೋರ್ಟ್ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಾಮಾನ್ಯ ವಾಸ ಎನ್ನುವುದು ಸಂಗತಿ ಮತ್ತು ಕಾನೂನು ಎರಡೂ ಬೆರೆತ ಪ್ರಶ್ನೆ, ಸಂಗತಿಗಳ ಬಗ್ಗೆ ತಕರಾರಿದ್ದರೆ ವಿಚಾರಣೆ ಮಾಡಿಯೇ ತೀರ್ಮಾನಿಸಬೇಕು ಎಂದಿತು. ಮಗು ತಾಯಿಯ ಹತ್ತಿರ ಇರಲಿ ಎಂದು ತಂದೆ ಬರೆದ ಪತ್ರಗಳು ಅಲ್ಲಿ ತೂಕ ಪಡೆದವು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. 2019ರ ಲಹರಿ ಸಖಮೂರಿ ಪ್ರಕರಣದಲ್ಲಿ ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಕ್ಕಳನ್ನು ತಾಯಿ ಹೈದರಾಬಾದಿಗೆ ಕರೆತಂದು, ಕೆಲವೇ ವಾರಗಳಲ್ಲಿ ಅಲ್ಲಿ ಅರ್ಜಿ ಹಾಕಿದ್ದರು. ಮಕ್ಕಳು ಹೈದರಾಬಾದಿನ ಸಾಮಾನ್ಯ ವಾಸಿಗಳಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಕೋರ್ಟು ಯಾವುದನ್ನು ನೋಡುತ್ತದೆ ಎಂಬುದು ತಿಳಿಯುತ್ತದೆ. ಎಷ್ಟು ಕಾಲ ಇದ್ದರು, ಯಾಕೆ ಬಂದರು, ಇನ್ನೊಬ್ಬರಿಗೆ ಗೊತ್ತಿತ್ತಾ, ಮಗು ಅಲ್ಲಿ ಬೇರು ಬಿಟ್ಟಿದೆಯಾ.

ನಮ್ಮ ಹತ್ತಿರ ಏನಿತ್ತು

ನಮ್ಮ ಪ್ರಕರಣದಲ್ಲಿ ಎಲ್ಲವೂ ನಿಂತಿದ್ದು ಒಂದೇ ಪ್ರಶ್ನೆಯ ಮೇಲೆ. ಬೆಳಗಾವಿಯ ಹದಿನಾಲ್ಕು ತಿಂಗಳು ತಂದೆಗೆ ಗೊತ್ತಿದ್ದು, ಅವರು ಒಪ್ಪಿ ಕಳೆದದ್ದಾ? ಇಲ್ಲಾ ತಾಯಿ ಅವರನ್ನು ಮೀರಿ ಮಾಡಿದ್ದಾ?

ತಾಯಿ ಮೊದಲು ಆಧಾರ್ ವಿಳಾಸ ಬದಲಿಸುತ್ತೇನೆ ಎಂದರು. ಬೇಡ ಎಂದೆ. ನೋಟಿಸು ಬಂದ ಮರುವಾರ ವಿಳಾಸ ಬದಲಾದರೆ ಅದು ಕೋರ್ಟಿಗಾಗಿ ಮಾಡಿದ್ದು ಎಂದು ಯಾರಿಗಾದರೂ ಕಾಣುತ್ತದೆ. ವ್ಯಾಜ್ಯ ಹುಟ್ಟುವುದಕ್ಕೆ ಮುಂಚೆ, ಯಾವ ಲೆಕ್ಕಾಚಾರವೂ ಇಲ್ಲದೆ, ತಾನಾಗಿ ಹುಟ್ಟಿದ ಕಾಗದಗಳೇ ನಿಜವಾದ ಸಾಕ್ಷಿ. ಅವನ್ನು ಹುಡುಕಿದೆವು.

ಲೀವಿಂಗ್ ಸರ್ಟಿಫಿಕೇಟ್ ಕೇಳಿ ತಂದೆ ಪುಣೆಯ ಶಾಲೆಗೆ ಕಳಿಸಿದ ಮೇಲ್ ಎಲ್ಲಕ್ಕಿಂತ ದೊಡ್ಡದು. ಅದರ ಪ್ರತಿ ತಾಯಿಗೂ ಹೋಗಿತ್ತು. ಫೀ ಕಟ್ಟಿದ ಬ್ಯಾಂಕ್ ದಾಖಲೆ, ಮಗಳು ಎರಡನೇ ಕ್ಲಾಸಿಗೆ ಸೇರಿದ ದಿನದ ಶಾಲಾ ದಾಖಲೆ, ಎಸ್‌ಎಟಿಎಸ್ ನಂಬರು (ರಾಜ್ಯದ ಶಾಲಾ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ), ಹಾಜರಿ, ಮಕ್ಕಳ ಡಾಕ್ಟರ ಚೀಟಿಗಳು, ತಾಯಿಯ ಕೆಲಸದ ನೇಮಕಪತ್ರ ಸಿಕ್ಕವು. ಆಮೇಲೆ ವಾಟ್ಸ್‌ಆ್ಯಪ್. ‘ಯೂನಿಫಾರ್ಮ್ ತಗೊಂಡ್ಯಾ? ಕನ್ನಡ ಕಷ್ಟ ಆಗ್ತಿದೆಯಾ ಅವಳಿಗೆ?’ ಎಂದು ತಂದೆ 2023ರ ಜೂನ್‌ನಲ್ಲೇ ಕೇಳಿದ್ದರು. ಒಬ್ಬ ಒಳ್ಳೆಯ ಅಪ್ಪನ ಪ್ರಶ್ನೆ ಅದು. ಅದನ್ನೇ ಅವರ ವಿರುದ್ಧದ ಸಾಕ್ಷಿಯಾಗಿ ಹಾಜರುಪಡಿಸುವಾಗ ನನಗೆ ಮುಜುಗರ ಆಗಿತ್ತು. ಆದರೂ ಹಾಜರುಪಡಿಸಬೇಕಿತ್ತು, ಯಾಕೆಂದರೆ ತಮ್ಮ ಒಪ್ಪಿಗೆ ಇಲ್ಲದೆ ತಾಯಿ ಮಗಳನ್ನು ಇಟ್ಟುಕೊಂಡಿದ್ದಾಳೆ ಎಂದು ಅವರ ಅರ್ಜಿ ಹೇಳುತ್ತಿತ್ತು.

ಫೋನಿನ ಸಂದೇಶಗಳನ್ನು ಸ್ಕ್ರೀನ್‌ಶಾಟ್ ತೆಗೆದು ಕೊಟ್ಟರೆ ಸಾಕು ಎಂದು ಬಹಳ ಜನ ತಿಳಿದಿರುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆಗೆ, ಅದು ಯಾವ ಸಾಧನದಿಂದ ಹೇಗೆ ಬಂತು ಎಂದು ಹೇಳುವ ಒಂದು ಪ್ರಮಾಣಪತ್ರ ಇರಬೇಕು. ಕೌಟುಂಬಿಕ ನ್ಯಾಯಾಲಯಕ್ಕೆ ಇದರಲ್ಲಿ ಸಡಿಲಿಕೆ ಇದೆ. ವಿವಾದ ಬಗೆಹರಿಸಲು ಉಪಯೋಗವಾಗುವ ಯಾವ ದಾಖಲೆಯನ್ನಾದರೂ ಅದು ನೋಡಬಹುದು ಎಂದು ಅದರ ಕಾಯ್ದೆಯ 14ನೇ ಕಲಂ ಹೇಳುತ್ತದೆ. ಆದರೂ ಪ್ರಮಾಣಪತ್ರ ಹಾಕಿಯೇ ಕೊಟ್ಟೆವು. ಫೋನನ್ನು ಮಾರಬೇಡಿ, ಸಂದೇಶ ಅಳಿಸಬೇಡಿ ಎಂದು ತಾಯಿಗೆ ಗಟ್ಟಿಯಾಗಿ ಹೇಳಿದ್ದೆ.

ಬೇರೆ ದಾರಿಗಳೂ ಇದ್ದವು

ಒಂದೇ ಮಗು, ಅದೇ ತಂದೆ ತಾಯಿ. ಆದರೆ ಯಾವ ಕಾಯ್ದೆ ಹಿಡಿದು ಹೋಗುತ್ತೀರಿ ಎಂಬುದರ ಮೇಲೆ ಊರು ಬದಲಾಗುತ್ತದೆ. ಇದು ಜನರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ.

ತಾಯಿ ವಿಚ್ಛೇದನದ ಅರ್ಜಿ ಹಾಕಿದ್ದರೆ, ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಕೆಳಗೆ ಅದೇ ಕೋರ್ಟಿನಲ್ಲಿ ಮಗುವಿನ ಪಾಲನೆಯ ಆದೇಶ ಕೇಳಬಹುದಿತ್ತು. ಅಲ್ಲಿ ನೋಡುವುದು ಮಗುವಿನ ವಾಸವನ್ನಲ್ಲ. ಮದುವೆ ಎಲ್ಲಾಯಿತು, ಕೊನೆಗೆ ಜೊತೆಯಾಗಿ ಎಲ್ಲಿದ್ದರು, ಎದುರುಪಕ್ಷ ಎಲ್ಲಿದೆ ಎಂದು 19ನೇ ಕಲಂ ಹೇಳುತ್ತದೆ. 2003ರ ತಿದ್ದುಪಡಿಯ ನಂತರ, ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ಇರುವ ಊರಲ್ಲೂ ಹಾಕಬಹುದು. ಹಾಗಾಗಿ ಬೆಳಗಾವಿ ಸಲೀಸಾಗಿ ಆಗುತ್ತಿತ್ತು. ಸೋದರಮಾವನ ಒತ್ತಾಯವೂ ಇದೇ ಆಗಿತ್ತು. ಆದರೆ ತಾಯಿಗೆ ವಿಚ್ಛೇದನ ಬೇಕಿರಲಿಲ್ಲ. ಕೋರ್ಟಿನ ಊರು ಗೆಲ್ಲುವುದಕ್ಕಾಗಿ ಮದುವೆ ಮುರಿಯುವ ಅರ್ಜಿಗೆ ಸಹಿ ಹಾಕಿಸುವುದು ನನಗೂ ಸರಿ ಕಾಣಲಿಲ್ಲ.

ಹೊಡೆತ ಬಡಿತ ಇರುವ ಮನೆಯಾಗಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ, ಹೆಣ್ಣುಮಗಳು ತಾತ್ಕಾಲಿಕವಾಗಿ ವಾಸಿಸುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು. 21ನೇ ಕಲಂ ಕೆಳಗೆ ಮಗುವಿನ ತಾತ್ಕಾಲಿಕ ಸುಪರ್ದಿಯನ್ನೂ ಕೇಳಬಹುದು. ಉಟ್ಟ ಬಟ್ಟೆಯಲ್ಲಿ ಮನೆಬಿಟ್ಟು ಬಂದವಳಿಗೆ ಸಾಮಾನ್ಯ ವಾಸದ ಪುರಾವೆ ತಾ ಎಂದರೆ ಎಲ್ಲಿಂದ ತಂದಾಳು? ಆ ಕಾಯ್ದೆ ಬರೆದವರು ಅದನ್ನು ಯೋಚಿಸಿದ್ದಾರೆ.

ಸುಪ್ರೀಂ ಕೋರ್ಟಿಗೆ ಹೋಗಿ ಪುಣೆಯ ಪ್ರಕರಣವನ್ನು ಬೆಳಗಾವಿಗೆ ವರ್ಗಾಯಿಸಿ ಎಂದು ಕೇಳುವುದು ಮತ್ತೊಂದು ದಾರಿ. ಒಂದೇ ರಾಜ್ಯದೊಳಗಾದರೆ ಹೈಕೋರ್ಟು ಮಾಡುತ್ತದೆ. ರಾಜ್ಯ ದಾಟುವುದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಂ ಕೆಳಗೆ ಸುಪ್ರೀಂ ಕೋರ್ಟೇ ಆಗಬೇಕು. ಸಾಮಾನ್ಯವಾಗಿ ಅದನ್ನು ಕೇಳುವುದು ಓಡಾಟದ ಕಷ್ಟದ ಮೇಲೆ. ನಮ್ಮ ವಾದ ಓಡಾಟದ್ದಲ್ಲ, ಪುಣೆಯ ಕೋರ್ಟಿಗೆ ಇದನ್ನು ಕೇಳುವ ವ್ಯಾಪ್ತಿಯೇ ಇಲ್ಲ ಎಂಬುದು. ಹಾಗಾಗಿ ಅಲ್ಲಿಯೇ ಹೋಗಿ ಹೇಳುವುದು ಎಂದಾಯಿತು.

ತಂದೆಗೂ ಯಾರೋ ಹೇಬಿಯಸ್ ಕಾರ್ಪಸ್ (ಅಕ್ರಮವಾಗಿ ಇಟ್ಟುಕೊಂಡಿರುವ ವ್ಯಕ್ತಿಯನ್ನು ಹಾಜರುಪಡಿಸಿ ಎಂದು ಕೋರುವ ಅರ್ಜಿ) ಹಾಕು ಎಂದಿದ್ದರಂತೆ. ಮಗು ಇರುವುದು ಬೆಳಗಾವಿಯಲ್ಲಾದ್ದರಿಂದ ಅದು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತಿತ್ತು. ಮಗುವನ್ನು ಕಾನೂನಿಗೆ ವಿರುದ್ಧವಾಗಿ ಇಟ್ಟುಕೊಂಡಿದ್ದಾರೆ ಎಂದು ಕಂಡಾಗ ಮಾತ್ರ ಆ ದಾರಿ, ವಿವರವಾದ ವಿಚಾರಣೆ ಬೇಕಿದ್ದರೆ ಗಾರ್ಡಿಯನ್ಸ್ ಕಾಯ್ದೆಯೇ ಸರಿ ಎಂದು ಸುಪ್ರೀಂ ಕೋರ್ಟ್ 2019ರ ತೇಜಸ್ವಿನಿ ಗೌಡ ಪ್ರಕರಣದಲ್ಲಿ ಹೇಳಿದೆ. ಅವರ ವಕೀಲರು ಆ ದಾರಿ ಹಿಡಿಯದಿದ್ದದ್ದು ಒಳ್ಳೆಯದಾಯಿತು. ತನ್ನ ತಾಯಿಯ ಮನೆಗೆ ಪೊಲೀಸರು ಬರುವುದನ್ನು ಆ ಹುಡುಗಿ ನೋಡಲಿಲ್ಲ.

ಪುಣೆಯಲ್ಲಿ

ಪುಣೆಯಲ್ಲಿ ಒಬ್ಬ ಸ್ಥಳೀಯ ವಕೀಲರನ್ನು ಗೊತ್ತುಮಾಡಿದೆವು. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರಿಗೆ ತಾನಾಗಿ ಹಕ್ಕಿಲ್ಲ, ಕೋರ್ಟಿನ ಅನುಮತಿ ಬೇಕು. ಅದು ಸಿಕ್ಕಿತು. ಮೊದಲ ತಕರಾರಿನಲ್ಲೇ ವ್ಯಾಪ್ತಿಯ ಪ್ರಶ್ನೆ ಎತ್ತಿದೆವು. ಜೊತೆಗೆ ಒಂದು ಮಾತು ಸೇರಿಸಿದೆವು: ಈ ಪ್ರಶ್ನೆ ತೀರ್ಮಾನವಾಗುವ ತನಕ ತಂದೆ ಮಗಳನ್ನು ನೋಡಲು, ಮಾತಾಡಲು ನಮ್ಮ ಅಡ್ಡಿಯಿಲ್ಲ, ಅದಕ್ಕೆ ಮಧ್ಯಂತರ ಆದೇಶ ಮಾಡಿ.

ಇದಕ್ಕೆ ಮನೆಯಲ್ಲಿ ದೊಡ್ಡ ವಿರೋಧ ಬಂತು. ‘ವ್ಯಾಪ್ತಿ ಇಲ್ಲಾ ಅಂತೀರಿ, ಮತ್ತ ಅದ ಕೋರ್ಟಿಗೆ ಆದೇಶ ಮಾಡ್ರಿ ಅಂತೀರಿ?’ ಎಂದು ಸೋದರಮಾವ ಕೇಳಿದರು. ಪ್ರಶ್ನೆ ಸರಿಯಾದದ್ದೇ. ನಮ್ಮ ತಕರಾರಿಗೆ ಧಕ್ಕೆಯಾಗದಂತೆ ಎಂದು ಸ್ಪಷ್ಟವಾಗಿ ಬರೆದೇ ಕೇಳಿದ್ದೆವು. ಮುಖ್ಯ ಕಾರಣ ಬೇರೆ ಇತ್ತು. ವ್ಯಾಪ್ತಿಯ ವಾದ ಎಷ್ಟು ತಿಂಗಳು ಎಳೆಯುತ್ತದೋ ಅಷ್ಟು ತಿಂಗಳು ಮಗಳು ಅಪ್ಪನನ್ನು ನೋಡಬಾರದಾ? ವ್ಯಾಪ್ತಿ ಇಲ್ಲ ಎನ್ನುವವರು ಮಗುವನ್ನು ಬಚ್ಚಿಡುವವರಂತೆ ಕಂಡರೆ, ಆ ವಾದವನ್ನು ಯಾವ ನ್ಯಾಯಾಧೀಶರೂ ಒಳ್ಳೆಯ ಮನಸ್ಸಿನಿಂದ ಕೇಳುವುದಿಲ್ಲ. ತಾಯಿ ತಾವೇ ಗಟ್ಟಿಯಾಗಿ ಹೂಂ ಎಂದರು. ವಾರಕ್ಕೆ ಎರಡು ದಿನ ವಿಡಿಯೊ ಕರೆ, ತಿಂಗಳಿಗೊಂದು ಶನಿವಾರ ಬೆಳಗಾವಿಯಲ್ಲಿ ಭೇಟಿ ಎಂದು ಆದೇಶವಾಯಿತು.

ತಂದೆಯ ಪರ ಎರಡು ವಾದ ಬಂದವು. ಒಂದು, ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ, 1956ರ 6ನೇ ಕಲಂ ಪ್ರಕಾರ ತಂದೆಯೇ ಸಹಜ ಪಾಲಕ, ಹಾಗಾಗಿ ಅವರ ಮನೆಯೇ ಮಗುವಿನ ಮನೆ. ಆ ಕಲಮನ್ನು ಸುಪ್ರೀಂ ಕೋರ್ಟ್ 1999ರ ಗೀತಾ ಹರಿಹರನ್ ಪ್ರಕರಣದಲ್ಲೇ ತಾಯಿಯನ್ನು ಹೊರಗಿಡದಂತೆ ಓದಿದೆ. ಅದಕ್ಕಿಂತ ಮುಖ್ಯವಾಗಿ, ಪಾಲಕ ಯಾರು ಎಂಬುದು ಒಂದು ಪ್ರಶ್ನೆ, ಮಗು ಎಲ್ಲಿ ವಾಸಿಸುತ್ತದೆ ಎಂಬುದು ಇನ್ನೊಂದು.

ಎರಡನೆಯ ವಾದ ನಿಜಕ್ಕೂ ಬಲವಾಗಿತ್ತು. ತವರು ಮನೆ ಎಂದರೆ ಬಂದು ಹೋಗುವ ಮನೆ. ಪಂಚಮಿಗೆ ಬರುತ್ತಾರೆ, ಹೆರಿಗೆಗೆ ಬರುತ್ತಾರೆ, ಮುನಿಸಿಕೊಂಡು ಬರುತ್ತಾರೆ, ಮತ್ತೆ ಹೋಗುತ್ತಾರೆ. ಅಲ್ಲಿ ಎಷ್ಟು ದಿನ ಇದ್ದರೂ ಅದು ತಾತ್ಕಾಲಿಕವೇ. ತಂದೆಯೇ ‘ಸದ್ಯ’ ಎಂದಿದ್ದರಲ್ಲ? ನಮ್ಮ ಸಮಾಜದಲ್ಲಿ ಇದು ಎಷ್ಟು ಸಹಜವಾಗಿ ಕೇಳಿಸುತ್ತದೆ ಎಂದರೆ, ಅದನ್ನು ಎದುರಿಸಲು ನಮಗೆ ಬಹಳ ಶ್ರಮ ಬೇಕಾಯಿತು. ಹೆಣ್ಣುಮಗಳಿಗೆ ಗಂಡನ ಮನೆ ಮಾತ್ರ ಕಾಯಂ ವಿಳಾಸ ಎಂಬ ನಂಬಿಕೆ ಅದರ ಕೆಳಗಿದೆ. ನಾವು ಹೇಳಿದ್ದು ಇಷ್ಟು. ಪಂಚಮಿಗೆ ಬಂದವಳು ಮಗಳ ಲೀವಿಂಗ್ ಸರ್ಟಿಫಿಕೇಟ್ ತರಿಸುವುದಿಲ್ಲ, ಕೆಲಸಕ್ಕೆ ಸೇರುವುದಿಲ್ಲ, ಎರಡನೇ ವರ್ಷದ ಫೀ ಕಟ್ಟುವುದಿಲ್ಲ. ಮತ್ತು ಈ ಪ್ರಶ್ನೆಯಲ್ಲಿ ನೋಡಬೇಕಾದದ್ದು ತಾಯಿಗೆ ಅದು ತವರೋ ಅಲ್ಲವೋ ಎಂಬುದನ್ನಲ್ಲ, ಎಂಟು ವರ್ಷದ ಹುಡುಗಿಯ ಬದುಕು ಎಲ್ಲಿದೆ ಎಂಬುದನ್ನು.

ನ್ಯಾಯಾಧೀಶರು ಕಾಗದದ ಮೇಲೆ ತೀರ್ಮಾನ ಮಾಡದೆ ಇಬ್ಬರ ಸಾಕ್ಷಿ ತೆಗೆದುಕೊಂಡರು. ಹೆಚ್ಚಿನ ತಾರೀಖುಗಳಿಗೆ ತಾಯಿ ವಿಡಿಯೊ ಮೂಲಕ ಹಾಜರಾದರು, ಪಾಟಿ ಸವಾಲಿಗೆ ಖುದ್ದು ಹೋದರು. ತಂದೆಯ ಪಾಟಿ ಸವಾಲಿನಲ್ಲಿ ಆ ಮೇಲ್ ತೋರಿಸಿದಾಗ ಅವರು ಸುಳ್ಳು ಹೇಳಲಿಲ್ಲ. ‘ನಾನೇ ಕಳಿಸಿದ್ದು, ಒಂದು ವರ್ಷ ಅಂದುಕೊಂಡಿದ್ದೆ’ ಎಂದರು. ಆ ಪ್ರಾಮಾಣಿಕತೆಯನ್ನು ನಾನು ಮರೆತಿಲ್ಲ.

2025ರ ಮೇ ತಿಂಗಳಲ್ಲಿ ಆದೇಶ ಬಂತು. ಅರ್ಜಿ ಹಾಕಿದ ದಿನ ಮಗು ಬೆಳಗಾವಿಯ ಸಾಮಾನ್ಯ ವಾಸಿ, ತಂದೆಗೆ ಗೊತ್ತಿದ್ದೇ ಅಲ್ಲಿ ನೆಲೆಸಿದ್ದು ಎಂದು ಹೇಳಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶ, 10ನೇ ನಿಯಮದ ಕೆಳಗೆ ಅರ್ಜಿಯನ್ನು ವಾಪಸ್ ಕೊಟ್ಟರು. ವಾಪಸ್ ಎಂದರೆ ವಜಾ ಅಲ್ಲ. ಸರಿಯಾದ ಕೋರ್ಟಿಗೆ ಹಾಕಿಕೊಳ್ಳಿ ಎಂದರ್ಥ. ಬೇಕಿದ್ದರೆ ಹೊಸ ಕೋರ್ಟಿನಲ್ಲಿ ಇಬ್ಬರೂ ಹಾಜರಾಗುವ ತಾರೀಖನ್ನು ಅಲ್ಲೇ ಗೊತ್ತುಮಾಡಿಸಿಕೊಳ್ಳಬಹುದು. ಹಾಗೆ ಮಾಡಿದರೆ ಮತ್ತೆ ನೋಟಿಸು ಕಳಿಸುವ ವಿಳಂಬ ತಪ್ಪುತ್ತದೆ. ತಂದೆಯ ವಕೀಲರು ಅದನ್ನು ಕೇಳಿದರು, ನಾವು ಒಪ್ಪಿದೆವು.

ಮನೆಯಲ್ಲಿ ಪೇಡೆ ಹಂಚಿದರು. ನಾನು ಅವರಿಗೆ ಹೇಳಿದ್ದು, ಮಗು ಯಾರ ಹತ್ತಿರ ಇರಬೇಕೆಂಬ ಪ್ರಶ್ನೆಯನ್ನು ಯಾರೂ ಇನ್ನೂ ಮುಟ್ಟಿಲ್ಲ ಎಂದು. ವಾಪಸಾದ ಅರ್ಜಿಯ ವಿಚಾರಣೆ ಹೊಸ ಕೋರ್ಟಿನಲ್ಲಿ ಮೊದಲಿನಿಂದ ಶುರುವಾಗುತ್ತದೆ. ಸುಪ್ರೀಂ ಕೋರ್ಟ್ 2020ರ ಎಕ್ಸೆಲ್ ಕರಿಯರ್ಸ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಒಂಬತ್ತು ತಿಂಗಳಲ್ಲಿ ತೀರ್ಮಾನವಾದದ್ದು ಕೋರ್ಟಿನ ಊರು ಮಾತ್ರ. ಅಷ್ಟರಲ್ಲಿ ಹುಡುಗಿ ಮೂರನೇ ಕ್ಲಾಸ್ ಮುಗಿಸಿದ್ದಳು.

ತಂದೆ 2023ರ ಜೂನ್‌ನಲ್ಲಿ, ಮಗಳು ವಾಪಸ್ ಬರಲಿಲ್ಲ ಎಂದು ಗೊತ್ತಾದ ವಾರದಲ್ಲೇ ಪುಣೆಯಲ್ಲಿ ಅರ್ಜಿ ಹಾಕಿದ್ದರೆ ಪುಣೆಯೇ ಸರಿಯಾದ ಕೋರ್ಟು ಆಗಿರುತ್ತಿತ್ತು. ಅದರಲ್ಲಿ ನನಗೆ ಅನು‌ಮಾನವಿಲ್ಲ. ಆಗ ತಾಯಿಯ ಪರ ಯಾರು ಎಷ್ಟು ವಾದಿಸಿದರೂ ಎರಡು ತಿಂಗಳ ರಜೆ ಆರು ವರ್ಷದ ಬದುಕನ್ನು ಅಳಿಸುತ್ತಿರಲಿಲ್ಲ. ಹೊಂದಿಕೊಂಡು ಹೋಗೋಣ ಎಂದು ಕಾದ ಮನುಷ್ಯನಿಗೆ ಕಾನೂನು ಹೀಗೆ ಉತ್ತರ ಕೊಟ್ಟಿತಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಈಗ ನನ್ನ ಹತ್ತಿರ ಬರುವವರಿಗೆ, ತಂದೆಯಿರಲಿ ತಾಯಿಯಿರಲಿ, ಒಂದು ಮಾತು ಹೇಳುತ್ತೇನೆ. ಮಗುವನ್ನು ಸ್ವಲ್ಪ ಕಾಲಕ್ಕೆ ಬೇರೆ ಊರಲ್ಲಿ ಬಿಡಲು ಒಪ್ಪುತ್ತೀರಾದರೆ, ಎಷ್ಟು ಕಾಲ, ಯಾಕೆ, ಆಮೇಲೆ ಏನು ಎಂಬುದನ್ನು ನಾಲ್ಕು ಸಾಲಿನ ಮೆಸೇಜಿನಲ್ಲಾದರೂ ಬರೆದು ಇಬ್ಬರೂ ಒಪ್ಪಿಕೊಳ್ಳಿ.

ಬೆಳಗಾವಿಯಲ್ಲಿ

ತಂದೆ ಬಾಂಬೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದಿತ್ತು. ಹಾಕಲಿಲ್ಲ. ಜೂನ್‌ನಲ್ಲಿ ಬೆಳಗಾವಿಯ ಕೌಟುಂಬಿಕ ನ್ಯಾಯಾಲಯಕ್ಕೆ ಬಂದರು. ಇಲ್ಲಿ ಕೆಲಸ ಬೇಗ ಸಾಗಿತು. ಒಂಬತ್ತು ತಿಂಗಳ ಭೇಟಿ, ಕರೆಗಳು ತಪ್ಪದೆ ನಡೆದಿದ್ದರಿಂದ ಇಬ್ಬರ ನಡುವೆ ಅಷ್ಟಿಷ್ಟು ನಂಬಿಕೆ ಉಳಿದಿತ್ತು. ನ್ಯಾಯಾಧೀಶರು ಹುಡುಗಿಯನ್ನು ಚೇಂಬರಿನಲ್ಲಿ ಕೂರಿಸಿಕೊಂಡು ಮಾತಾಡಿದರು. ಮಗುವಿಗೆ ತಿಳಿವಳಿಕೆ ಬಂದಿದ್ದರೆ ಅದರ ಇಷ್ಟವನ್ನೂ ಪರಿಗಣಿಸಬಹುದು ಎಂದು ಗಾರ್ಡಿಯನ್ಸ್ ಕಾಯ್ದೆಯ 17(3)ನೇ ಕಲಂ ಹೇಳುತ್ತದೆ. ಹೊರಗೆ ಬಂದವಳನ್ನು ಏನು ಕೇಳಿದರು ಎಂದು ಯಾರೂ ವಿಚಾರಿಸಬಾರದು ಎಂದು ಎರಡೂ ಮನೆಯವರಿಗೆ ಮೊದಲೇ ಹೇಳಿದ್ದೆವು. ಅಜ್ಜಿ ಮಾತ್ರ ಕೇಳಿಯೇಬಿಟ್ಟರು. ‘ಹೇಳಂಗಿಲ್ಲ’ ಅಂದಳಂತೆ.

ಆಪ್ತಸಮಾಲೋಚನೆಯಲ್ಲಿ ಒಪ್ಪಂದವಾಯಿತು. ಮಗಳು ತಾಯಿಯ ಹತ್ತಿರ ಬೆಳಗಾವಿಯಲ್ಲಿ. ತಿಂಗಳಿಗೊಂದು ವಾರಾಂತ್ಯ ತಂದೆಯ ಜೊತೆ, ರಾತ್ರಿ ಬೈಲಹೊಂಗಲದ ಅಜ್ಜ ಅಜ್ಜಿಯ ಮನೆಯಲ್ಲಿ. ದಸರಾ ರಜೆಯ ಮತ್ತು ಬೇಸಿಗೆ ರಜೆಯ ಅರ್ಧ ಪುಣೆಯಲ್ಲಿ. ಶಾಲೆಯ ಪ್ರಗತಿ ಪತ್ರ ಇಬ್ಬರಿಗೂ. ಫೀ ತಂದೆಯದು.

ಒಂದು ಷರತ್ತಿನ ಬಗ್ಗೆ ಮಾತ್ರ ಬಹಳ ಚರ್ಚೆಯಾಯಿತು. ಮುಂದೆ ಏನೇ ವ್ಯಾಜ್ಯ ಬಂದರೂ ಪುಣೆಯ ಕೋರ್ಟಿನಲ್ಲೇ ಎಂದು ಬರೆಸಬೇಕೆಂದು ತಂದೆ ಕೇಳಿದರು. ಹಾಗೆ ಬರೆದರೂ ಪ್ರಯೋಜನವಿಲ್ಲ. ಕಾನೂನು ಕೊಡದ ವ್ಯಾಪ್ತಿಯನ್ನು ಇಬ್ಬರ ಒಪ್ಪಂದ ಒಂದು ಕೋರ್ಟಿಗೆ ಕೊಡಲಾರದು. ಅದರ ಬದಲು ಎರಡು ಸಾಲು ಬರೆದೆವು. ರಜೆಗೆ ಪುಣೆಗೆ ಹೋಗುವುದರಿಂದ ಮಗುವಿನ ಸಾಮಾನ್ಯ ವಾಸ ಬದಲಾಗುವುದಿಲ್ಲ. ಇಬ್ಬರಲ್ಲಿ ಯಾರೇ ಮಗುವನ್ನು ಬೇರೆ ಜಿಲ್ಲೆಗೆ ಕರೆದೊಯ್ದು ನೆಲೆಸುವುದಾದರೆ ಮೂರು ತಿಂಗಳ ಮುಂಚೆ ಬರವಣಿಗೆಯಲ್ಲಿ ತಿಳಿಸಿ, ಕೋರ್ಟಿನ ಅನುಮತಿ ಪಡೆಯಬೇಕು. ಕೋರ್ಟೇ ನೇಮಿಸಿದ ಪಾಲಕರು ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಒಯ್ಯಬಾರದು ಎಂಬ ನಿಯಮ ಗಾರ್ಡಿಯನ್ಸ್ ಕಾಯ್ದೆಯ 26ನೇ ಕಲಮಿನಲ್ಲಿದೆ. ಅದನ್ನೇ ಮಾದರಿಯಾಗಿಟ್ಟುಕೊಂಡೆವು.

ಆ ಎರಡನೇ ಸಾಲು ಬೇಗನೇ ಉಪಯೋಗಕ್ಕೆ ಬಂತು. ತಾಯಿಗೆ ಹುಬ್ಬಳ್ಳಿಯಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಕ್ಕಿದೆ. ಅವರು ಗಂಡನಿಗೆ ಪತ್ರ ಬರೆದಿದ್ದಾರೆ, ಕೋರ್ಟಿಗೆ ಅರ್ಜಿಯನ್ನೂ ಕೊಟ್ಟಿದ್ದಾರೆ. ತಂದೆಯದು ಒಂದೇ ಬೇಡಿಕೆ: ಶಾಲಾ ವರ್ಷದ ನಡುವೆ ಬೇಡ, ಏಪ್ರಿಲ್ ಮುಗಿಯಲಿ. ತಾಯಿ ಅದಕ್ಕೆ ಒಪ್ಪಿ ಕಂಪನಿಯಿಂದ ಸಮಯ ಕೇಳಿದ್ದಾರೆ.